ಸಡಿಲ ಗೂಡಿನ ಕೆಂಪು ಹುಳಗಳು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಬೆರಳುಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಚ್ಚಿಟ್ಟು ಬರೆದರೆ ಮುಂದೆ ನಾನು ನಡೆದುಕೊಂಡ ರೀತಿಗೆ ಬೇರೆ ಏನಾದರೂ ದೊಡ್ಡ ಕಾರಣ ಹುಡುಕಬೇಕಾಗುತ್ತದೆ, ಅಂಥ ಕಾರಣ ಯಾವುದೂ ಇರಲಿಲ್ಲ.

ಕೆಲಸ ಇಂಥದ್ದು. ಕೈರೊನೊಮಸ್ ಎಂಬ ಕಚ್ಚದ ಸೊಳ್ಳೆಯೊಂದಿದೆ. ಅದರ ಮರಿಹುಳ ನೀರಿನ ತಳದ ಕೆಸರಿನಲ್ಲಿ ಬೆಳೆಯುತ್ತದೆ, ಅರ್ಧ ಇಂಚು ಉದ್ದ, ಕುಂಕುಮದಷ್ಟು ಕೆಂಪು. ಆ ಹುಳವನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಉಪ್ಪುನೀರಿನಲ್ಲಿಟ್ಟು, ಒಂದು ಸೂಜಿಯಿಂದ ಮೈ ಒತ್ತಿ ಹಿಡಿದು, ಇನ್ನೊಂದು ಸೂಜಿಯಿಂದ ತಲೆಯನ್ನು ಮೆಲ್ಲಗೆ ಎಳೆಯಬೇಕು. ಸರಿಯಾಗಿ ಎಳೆದರೆ ತಲೆಯ ಹಿಂದೆಯೇ ಎರಡು ಜೊಲ್ಲಿನ ಗ್ರಂಥಿಗಳು ಗಾಜಿನಷ್ಟು ತಿಳಿಯಾಗಿ ಹೊರಗೆ ಬರುತ್ತವೆ. ತಪ್ಪಾಗಿ ಎಳೆದರೆ ಕರುಳು, ಕೊಬ್ಬು ಎಲ್ಲ ಕಲಸಿ ಬಂದು ಒಂದು ಹುಳ ವ್ಯರ್ಥ. ಗ್ರಂಥಿಗೆ ಆರ್ಸೀನ್ ಬಣ್ಣ ಹಾಕಿ ಅರ್ಧ ಗಂಟೆ ಬಿಟ್ಟು, ಆಮ್ಲದಲ್ಲಿ ತೊಳೆದು, ಮೇಲೆ ತೆಳು ಗಾಜು ಮುಚ್ಚಿ, ಹೀರುಕಾಗದ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಒತ್ತುವಾಗ ಕೂದಲೆಳೆಯಷ್ಟು ಜಾರಿದರೂ ಎಲ್ಲ ಹರಿದುಹೋಗುತ್ತದೆ. ಸರಿಯಾಗಿ ಒತ್ತಿದರೆ ಸೂಕ್ಷ್ಮದರ್ಶಕದ ಕೆಳಗೆ ನಾಲ್ಕು ವರ್ಣತಂತುಗಳು ಸೀರೆಯ ಅಂಚಿನ ಪಟ್ಟಿಗಳ ಹಾಗೆ ಬಿಡಿಬಿಡಿಯಾಗಿ ಕಾಣುತ್ತವೆ.

ನನಗೆ ಹತ್ತು ಹುಳದಲ್ಲಿ ನಾಲ್ಕು ಸರಿ ಬಂದರೆ ಆ ದಿನ ಹಬ್ಬ. ಅವಳಿಗೆ ಹತ್ತಕ್ಕೆ ಒಂಬತ್ತು.

ಅವಳಿಗೆ ಬಿ.ಎಸ್ಸಿ.ಯಲ್ಲಿ ಸೂಜಿ ಹಿಡಿಯುವುದನ್ನು ಕಲಿಸಿದವಳು ನಾನು. ಜಮಖಂಡಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ, ಕಿಟಕಿಯ ಪಕ್ಕದ ಮೂರನೇ ಮೇಜಿನಲ್ಲಿ. ಆಮೇಲೆ ಅವಳು ಎಂ.ಎಸ್ಸಿ. ಮುಗಿಸಿ, ಫೆಲೋಶಿಪ್ ಹಿಡಿದು, ಸಂಶೋಧನೆಗೆಂದು ಅದೇ ಪ್ರಯೋಗಾಲಯಕ್ಕೆ ಬಂದಳು. ನಾನು ತಲೆ ನರೆಯತೊಡಗಿದ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚಿದವಳು. ಇಬ್ಬರಿಗೂ ಒಬ್ಬರೇ ಗೈಡ್. ತಿಂಗಳಿಗೊಮ್ಮೆ ವಿಶ್ವವಿದ್ಯಾಲಯದಿಂದ ಬಂದು, ಇಬ್ಬರ ಸ್ಲೈಡುಗಳನ್ನೂ ನೋಡಿ, ಅವಳ ಸ್ಲೈಡಿನ ಮೇಲೆ ಕಣ್ಣಿಟ್ಟಾಗ ಮಾತ್ರ "ಆಹಾ, ಏನ ಕೈ ಐತಿ ಈ ಹುಡುಗೀದು!" ಎನ್ನುತ್ತಿದ್ದರು. ನನ್ನದನ್ನು ನೋಡಿದಾಗ, "ನಡೀತೈತ್ರಿ ಮೇಡಮ್, ನಡೀತೈತಿ." ಎರಡು ವರ್ಷ ನಾನು ನಡೆಯುತ್ತಲೇ ಇದ್ದೆ.

ಅವಳು ಬನಹಟ್ಟಿಯವಳು. ಅವರದು ನೂಲಿಗೆ ಬಣ್ಣ ಹಾಕುವ ಮನೆ. ಹಿತ್ತಲಲ್ಲಿ ಬಣ್ಣದ ತೊಟ್ಟಿಗಳು, ಹಗ್ಗದ ಮೇಲೆ ಒಣಗುವ ನೂಲಿನ ಲಡಿಗಳು, ಪಡಸಾಲೆಯಲ್ಲಿ ಎರಡು ಮಗ್ಗ. ಶಾಲೆಗೆ ಹೋಗುವ ಮೊದಲು ದಿನಾ ಕಡಿದ ಎಳೆಗಳಿಗೆ ಗಂಟು ಹಾಕಿ ಬೆಳೆದವಳಂತೆ. ಅವಳ ಬೆರಳಿಗೆ ಆ ಚಳಕ ಎಲ್ಲಿಂದ ಬಂತು ಎಂದು ತಿಳಿದ ಮೇಲೂ ನನ್ನ ಹೊಟ್ಟೆಯ ಉರಿ ಆರಲಿಲ್ಲ. ನಮ್ಮ ಮನೆಯಲ್ಲೂ ಮಗ್ಗ ಇರಬೇಕಿತ್ತು ಅನ್ನಿಸಿತು, ಅಷ್ಟೇ.

ನಮ್ಮ ಪ್ರಶ್ನೆ ಸರಳವಾಗಿತ್ತು. ಈ ಭಾಗದ ನೀರು ಕೆಟ್ಟಿರುವುದನ್ನು ಮೂಗೇ ಹೇಳುತ್ತದೆ. ಆದರೆ ಆ ಕೇಡು ಹುಳದ ವರ್ಣತಂತುವಿನವರೆಗೆ ಹೋಗಿದೆಯೇ? ನಾಲ್ಕು ಜಾಗ ಆರಿಸಿದ್ದೆವು. ಜಮಖಂಡಿ ಹತ್ತಿರದ ಕೃಷ್ಣೆ, ಮುಧೋಳದ ಘಟಪ್ರಭೆ ನನ್ನ ಪಾಲು. ಬೀಳಗಿ ಕಡೆಯ ಹಿನ್ನೀರು, ಬನಹಟ್ಟಿಯ ಬಣ್ಣದ ನಾಲೆ ಅವಳ ಪಾಲು. ಎಲ್ಲದಕ್ಕೂ ಮೊಟ್ಟೆ ಒಂದೇ ಕಡೆಯದು, ಬೀಳಗಿ ಹಿನ್ನೀರಿನ ಅಂಚಿನಿಂದ ತಂದ ಲೋಳೆಯಂಥ ಮೊಟ್ಟೆಗೊಂಚಲು. ಅದನ್ನು ಮರಿ ಮಾಡಿ, ಒಂದೊಂದು ಟಬ್ಬಿನಲ್ಲಿ ಒಂದೊಂದು ಊರಿನ ನೀರು ಹಾಕಿ ಬೆಳೆಸುವುದು. ಒಂದು ಟಬ್ಬಿನಲ್ಲಿ ಮಾತ್ರ ಶುದ್ಧ ನೀರು. ಅದೇ ಕಂಟ್ರೋಲ್, ಉಳಿದದ್ದನ್ನೆಲ್ಲ ಅಳೆಯುವ ಅಳತೆಗೋಲು.

ನೋಡುವುದು ನಾಲ್ಕನೇ ವರ್ಣತಂತುವನ್ನು. ಅದು ಎಲ್ಲದಕ್ಕಿಂತ ಗಿಡ್ಡದು. ಅದರ ಮೈಮೇಲೆ ಒಂದೆರಡು ಕಡೆ ಉಂಗುರದ ಹಾಗೆ ಉಬ್ಬಿರುತ್ತದೆ. ಪುಸ್ತಕದಲ್ಲಿ ಅದಕ್ಕೊಂದು ದೊಡ್ಡ ಹೆಸರಿದೆ, ನಾವು ಉಂಗುರ ಎನ್ನುತ್ತಿದ್ದೆವು. ಹುಳ ತನ್ನ ಜೊಲ್ಲಿನಿಂದ ರೇಷ್ಮೆಯಂಥ ಎಳೆ ತೆಗೆದು, ಕೆಸರನ್ನು ಸುತ್ತಿ ಕೊಳವೆಯಂಥ ಗೂಡು ಕಟ್ಟಿಕೊಳ್ಳುತ್ತದೆ. ಆ ಎಳೆಗೆ ಬೇಕಾದ ಸಾಮಾನು ತಯಾರಾಗುವುದು ಆ ಉಂಗುರದಲ್ಲಿ. ಉಂಗುರ ಉಬ್ಬಿದ್ದರೆ ಹುಳ ಕ್ಷೇಮ. ನೀರಿನಲ್ಲಿ ವಿಷವಿದ್ದರೆ ಉಂಗುರ ಕುಗ್ಗುತ್ತದೆ, ಕೆಲವು ಸಲ ವರ್ಣತಂತುವೇ ಅಲ್ಲಲ್ಲಿ ತುಂಡಾಗಿರುತ್ತದೆ.

ಮೊದಲ ದಿನ ಇದನ್ನು ವಿವರಿಸಿದಾಗ ಅವಳು ನಕ್ಕಿದ್ದಳು. "ಹಂಗಂದ್ರ ಇವೂ ನೇಕಾರ್ರ ಅಲ್ಲೇನ್ರಿ ಮೇಡಮ್? ನಮ್ಮಂಗ."

ಒಳ್ಳೆಯ ಮಾತು. ನನಗೆ ಹೊಳೆದಿರಲಿಲ್ಲವಲ್ಲ ಎಂದು ಆಗಲೇ ಒಂದಿಷ್ಟು ಚುಚ್ಚಿತು.

ಮೊದಲ ಎರಡು ಸಲ ಕಂಟ್ರೋಲ್ ಹುಳಗಳೆಲ್ಲ ಸತ್ತವು. ನಳದ ನೀರಿನ ಬ್ಲೀಚಿಂಗ್ ಪುಡಿಯ ಕೆಲಸ. ಗೈಡ್ ಬೇರೆ ನೀರು ಹುಡುಕಿರಿ ಎಂದರು. ಆಗ ನಾನು ಹೆಮ್ಮೆಯಿಂದ, "ನಮ್ಮ ಮನೀ ಬಾವೀ ನೀರ ತರತೇನ್ರಿ ಸರ್" ಎಂದೆ. ನಮ್ಮ ವಾಡೆಯ ಬಾವಿ ಓಣಿಗೇ ಹೆಸರಾದದ್ದು. ಹೊಸ ಬಾಟಲಿಯಲ್ಲಿ ನೇರವಾಗಿ ಬಾವಿಯಿಂದ ನೀರು ತುಂಬಿ ಪರೀಕ್ಷೆಗೆ ಕಳಿಸಿದೆವು. ವರದಿ ಬಂತು, ಯಾವ ಲೋಹವೂ ಇಲ್ಲ, ಯಾವ ದೋಷವೂ ಇಲ್ಲ. ಗೈಡ್ ಅದನ್ನು ಕಡತದಲ್ಲಿ ಹಚ್ಚಿದರು. ನಾನು ನನಗೇ ಪ್ರಶಸ್ತಿ ಬಂದಂತೆ ಓಡಾಡಿದೆ.

ಅವಳು ಹುಳ ಬೆಳೆಸುತ್ತಿದ್ದದ್ದು ಬನಹಟ್ಟಿಯ ಮನೆಯಲ್ಲಿ. ಅವಳಿಗೂ ನಮ್ಮ ನೀರನ್ನೇ ಕೊಡಬಹುದಿತ್ತು. ಕೊಡಲಿಲ್ಲ. "ದಿನಾ ಬಸ್ಸಿನ್ಯಾಗ ನೀರ ಹೊತ್ಗೊಂಡ ಎಲ್ಲಿಗಂತ ಹೋಗ್ತಿ? ನಿಮ್ಮ ಕಡೇನ ಯಾವದರ ಬಾವಿ ನೋಡ್ಕೋ" ಎಂದೆ. ಅವಳು ಚಿಮ್ಮಡದ ಸೋದರಮಾವನ ಹೊಲದ ಬಾವಿಯಿಂದ ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು ತಂದು, ತನ್ನ ಎರಡು ಜಾಗದ ಹುಳಗಳನ್ನೂ ಕಂಟ್ರೋಲನ್ನೂ ಬನಹಟ್ಟಿಯ ಮನೆಯ ಒಂದು ಕೋಣೆಯಲ್ಲೇ ಬೆಳೆಸಿದಳು. ಗೈಡ್ ಒಪ್ಪಿದರು.

ಮೂರು ತಿಂಗಳ ನಂತರ ಸ್ಲೈಡುಗಳು ಮೇಜಿನ ಮೇಲೆ ಬಂದವು. ಅವಳ ಕಂಟ್ರೋಲಿನಲ್ಲಿ ಉಂಗುರಗಳು ಪೂರಿಯ ಹಾಗೆ ಉಬ್ಬಿದ್ದವು. ಬನಹಟ್ಟಿ ನಾಲೆಯ ಹುಳಗಳಲ್ಲಿ ಅವು ಕುಗ್ಗಿ, ವರ್ಣತಂತು ಒಂದೆರಡು ಕಡೆ ಮುರಿದೂ ಇತ್ತು. ಹಗಲು ರಾತ್ರಿಯಷ್ಟು ವ್ಯತ್ಯಾಸ. ನನ್ನಲ್ಲಿ? ಕೃಷ್ಣೆಯ ಹುಳ, ಘಟಪ್ರಭೆಯ ಹುಳ, ಕಂಟ್ರೋಲ್ ಹುಳ, ಮೂರರಲ್ಲೂ ಒಂದೇ ತರಹದ ಕುಗ್ಗಿದ ಉಂಗುರ. ನನ್ನ ಅಳತೆಗೋಲು ಏನನ್ನೂ ಅಳೆಯುತ್ತಿರಲಿಲ್ಲ.

ಅದೇ ದಿನ ಅವಳು ನನ್ನ ಟಬ್ಬುಗಳ ಮುಂದೆ ಬಗ್ಗಿ ನಿಂತು ಬಹಳ ಹೊತ್ತು ನೋಡಿದಳು. ಬೆರಳಿನ ತುದಿಯಿಂದ ಒಂದು ಗೂಡನ್ನು ಮುಟ್ಟಿದಳು. ಅದು ಬಿಚ್ಚಿಕೊಂಡಿತು.

"ಮೇಡಮ್ರಿ, ಕಂಟ್ರೋಲ್ ಟಬ್ಬಿನ ಗೂಡ ಭಾಳ ಸಡ್ಲ ಅದಾವ ನೋಡ್ರಿ. ನಮ್ಮನ್ಯಾಗಿನ್ವು ಹಿಂಗ ಬಿಚ್ಚಂಗಿಲ್ಲ."

"ನೀ ಮುಟ್ಟಿದ್ದಕ್ಕ ಬಿಚ್ಚೈತಿ," ಎಂದೆ. "ನಿನ್ನ ಹುಳ ನೀ ನೋಡ್ಕೋ ಹೋಗ."

ಅವಳ ಮುಖ ಸಣ್ಣದಾಯಿತು. "ಆತ್ರಿ" ಎಂದು ಹೋದಳು. ಈಗ ಯೋಚಿಸಿದರೆ ಇಡೀ ಎರಡು ವರ್ಷದಲ್ಲಿ ಆ ಪ್ರಯೋಗಾಲಯದಲ್ಲಿ ಯಾರಾದರೂ ಆಡಿದ ಅತಿ ಉಪಯೋಗದ ಮಾತು ಅದೇ. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲೂ ಇಲ್ಲ.

ಮುಂದಿನ ತಿಂಗಳು ಗೈಡ್ ಬಂದರು. ಇಬ್ಬರ ಕಂಟ್ರೋಲೂ ಒಂದೇ ಮೊಟ್ಟೆಯ ಮಕ್ಕಳು, ಎರಡೂ ಶುದ್ಧ ಬಾವಿಯ ನೀರು, ಆದರೆ ಒಂದಕ್ಕೊಂದು ಹೊಂದುತ್ತಿಲ್ಲ. ಅವರು ಎಲ್ಲ ಸ್ಲೈಡುಗಳ ಹೆಸರಿನ ಮೇಲೆ ಕಾಗದದ ಚೂರು ಅಂಟಿಸಿ, ಬರೀ ಅಂಕಿ ಬರೆದು, ಹಿಂದುಮುಂದಾಗಿ ಬೆರೆಸಿದರು. "ಈಗ ಇಬ್ಬರೂ ಬ್ಯಾರೆ ಬ್ಯಾರೆ ಕೂತು ನೋಡ್ರಿ. ಉಬ್ಬಿದ್ದ ಈ ಕಡೆ, ಕುಗ್ಗಿದ್ದ ಆ ಕಡೆ."

ನಾನು ಬೆಳಗಿನಿಂದ ಸಂಜೆಯವರೆಗೆ ಕೂತೆ. ಸ್ಲೈಡಿನ ಅಂದ ನೋಡಿ ಯಾರದೆಂದು ಗುರುತಿಸಲು ಪ್ರಯತ್ನಿಸಿದೆ, ಸುಳ್ಳು ಯಾಕೆ ಹೇಳಲಿ. ನೀಟಾಗಿದ್ದರೆ ಅವಳದು, ಹರಿದುಹೋಗಿದ್ದರೆ ನನ್ನದು. ಆದರೂ ಕಂಡದ್ದನ್ನೇ ಬರೆದೆ. ಕಾಗದ ಕಿತ್ತಾಗ ನನ್ನ ಕಂಟ್ರೋಲ್ ಸ್ಲೈಡುಗಳನ್ನು ನಾನೇ ಕುಗ್ಗಿದ ಗುಂಪಿಗೆ ಹಾಕಿದ್ದೆ. ಅವಳೂ ಹಾಗೇ ಹಾಕಿದ್ದಳು.

"ಎಣಿಸೋದ್ರಾಗ ತಪ್ಪಿಲ್ಲ," ಎಂದರು ಗೈಡ್. "ಇಬ್ಬರ ಕಂಟ್ರೋಲಿನ್ಯಾಗ ಒಬ್ಬರದು ಕೆಟ್ಟೈತಿ. ಯಾರದು?"

ಅವಳು ಬಾಯಿ ತೆರೆಯುವ ಮೊದಲೇ ನಾನು ತೆರೆದೆ.

"ಸರ್, ನನ್ನ ಟಬ್ ಕಾಲೇಜಿನ್ಯಾಗ ಬೀಗದಾಗ ಇರ್ತಾವ. ನೀರಿನ ವರದಿ ಕಡತದಾಗ ಐತಿ. ಆಕೀದು ಮನ್ಯಾಗ. ಯಾವ ಹುಳ ಆರಿಸಿದ್ಲು, ಯಾವದು ಬಿಟ್ಲು, ಯಾರ ನೋಡ್ಯಾರ್ರಿ?"

ಅಷ್ಟೇ ಹೇಳಿದ್ದು. ಕಳ್ಳಿ ಎನ್ನಲಿಲ್ಲ. ಹೇಳದೆಯೂ ಅರ್ಥವಾಗುವಂತೆ ಹೇಳುವುದನ್ನು ಇಪ್ಪತ್ತು ವರ್ಷದ ಮೇಷ್ಟರಗಿರಿ ಕಲಿಸುತ್ತದೆ. ಅವಳು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ, ಮತ್ತೆ ತನ್ನ ಕೈ ನೋಡಿಕೊಂಡಳು.

ಗೈಡ್ ತೀರ್ಪು ಹೇಳಿದರು. ಮನೆಯಲ್ಲಿ ಬೆಳೆಸಿದ ಕಂಟ್ರೋಲ್ ನಡೆಯುವುದಿಲ್ಲ. ಅವಳು ಎಲ್ಲವನ್ನೂ ಕಾಲೇಜಿನಲ್ಲಿ ಮತ್ತೆ ಬೆಳೆಸಬೇಕು, ನನ್ನ ಬಾವಿಯ ನೀರಿನಲ್ಲಿ, ನನ್ನ ಕಣ್ಣೆದುರು. ಅವಳ ಫೆಲೋಶಿಪ್ಪಿನ ಅವಧಿಯಲ್ಲಿ ಉಳಿದದ್ದು ಒಂದೇ ಒಂದು ಹುಳದ ಬೆಳೆ ತೆಗೆಯುವಷ್ಟು ಸಮಯ. ಅದು ಕೈಕೊಟ್ಟರೆ ಪ್ರಬಂಧ ಮುಗಿಯುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಆ ದಿನ ಮನೆಗೆ ಹೋಗುವಾಗ ದಾರಿಯಲ್ಲಿ ಮಿರ್ಚಿಭಜಿ ಕಟ್ಟಿಸಿಕೊಂಡು ಹೋದೆ.

ನೀರು ತರುವ ರೀತಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಬಾವಿಯ ನೀರು ಎಂದರೆ ತಾಮ್ರದ ಕೊಡದಲ್ಲಿರುವ ನೀರು. ಬೇರೆ ಅರ್ಥವೇ ಇಲ್ಲ. ಅತ್ತೆ ಪ್ರತಿ ಸಂಜೆ ಹುಣಸೆಹಣ್ಣು, ಉಪ್ಪು ಹಚ್ಚಿ ಕೊಡವನ್ನು ಫಳಫಳ ತಿಕ್ಕಿ, ಬಾವಿಯಿಂದ ಸೇದಿ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ವಿಭೂತಿ ಎಳೆದು ಜಗಲಿಯ ಮೇಲಿಡುತ್ತಾರೆ. ರಾತ್ರಿಯೆಲ್ಲ ಅದರಲ್ಲಿ ನಿಂತ ನೀರನ್ನು ಬೆಳಿಗ್ಗೆ ನಾವು ಕುಡಿಯುತ್ತೇವೆ. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಆ ಕೊಡದಿಂದಲೇ ಎರಡು ಕ್ಯಾನು ತುಂಬಿಕೊಳ್ಳುತ್ತಿದ್ದೆ. ಮೊದಮೊದಲು ಅತ್ತೆ ಗೊಣಗಿದ್ದರು, "ಗಟಾರದ ಹುಳಕ್ಕ ನಮ್ಮ ಕೊಡದ ನೀರನ?" ಆಮೇಲೆ ಅವರಿಗೂ ಹೆಮ್ಮೆ ಹತ್ತಿತು. ನೆರೆಮನೆಯವರಿಗೆ, "ನಮ್ಮ ಸೊಸಿ ಸಂಶೋಧನಾಕ್ಕ ನಮ್ಮ ನೀರ ಬೇಕಂತ" ಎಂದು ಹೇಳಿಕೊಳ್ಳುತ್ತಿದ್ದರು. ಸಂಶೋಧನೆಯ ನೀರೆಂದು ಕೊಡವನ್ನು ಮೊದಲಿಗಿಂತ ಹೆಚ್ಚು ತಿಕ್ಕುತ್ತಿದ್ದರು.

ಹೊಸ ಬೆಳೆ ಶುರುವಾಯಿತು. ಅವಳು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ನಾನು ತಂದ ಕ್ಯಾನಿನ ನೀರನ್ನು ಟಬ್ಬಿಗೆ ಹಾಕಿ, ಹುಳದ ಮೇವಿಗೆ ಯೀಸ್ಟು ಚಿಮುಕಿಸಿ, ಮಾತಿಲ್ಲದೆ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಇಪ್ಪತ್ತು ದಿನವಾಗುವಷ್ಟರಲ್ಲಿ ಅವಳ ಕಂಟ್ರೋಲ್ ಟಬ್ಬಿನ ಗೂಡುಗಳೂ ಸಡಿಲವಾದವು. ಈ ಸಲ ಅವಳು ನನಗೆ ಹೇಳಲಿಲ್ಲ. ಸ್ಲೈಡು ಮಾಡಿದಳು. ಒಂಬತ್ತಕ್ಕೆ ಒಂಬತ್ತೂ ಕುಗ್ಗಿದ ಉಂಗುರ. ಶುದ್ಧ ನೀರಿಗೂ ನಾಲೆಯ ನೀರಿಗೂ ಉಂಗುರದಲ್ಲಿ ವ್ಯತ್ಯಾಸವಿಲ್ಲ ಎಂದು ಬರೆಯಲು ಅವಳು ಕೂತಳು. ಪೆನ್ನು ಹಿಡಿದು ಕೂತವಳು ಒಂದು ಸಾಲನ್ನೂ ಬರೆಯದೆ ಬಸ್ಸಿಗೆ ಹೋದಳು.

ನನಗೆ ಖುಷಿಯಾಯಿತು. ಅರ್ಧ ದಿನ ಮಾತ್ರ.

ಮರುದಿನ ನಾಲೆಯ ನೀರಿಗೆ ನಾನೇ ಬನಹಟ್ಟಿಗೆ ಹೋಗಬೇಕಾಯಿತು. ಅವಳಿಗೆ ಜ್ವರ. ಅವರ ಮನೆಯ ಹಿಂದೆಯೇ ನಾಲೆ. ಆ ದಿನ ನೀರು ಕೆನ್ನೀಲಿ ಇತ್ತು, ನಾಳೆ ಹಳದಿ ಇರಬಹುದು, ತೊಟ್ಟಿಗೆ ಯಾವ ಬಣ್ಣ ಬಿದ್ದರೆ ಅದು. ಬಾಟಲಿ ತುಂಬಿ ಮೇಲೆದ್ದರೆ ಅವಳ ತಂದೆ ನಿಂತಿದ್ದರು, ಮೊಣಕೈವರೆಗೆ ನೀಲಿ. ಅವರ ಹಿಂದೆ ಹಿತ್ತಲಲ್ಲಿ ಅರ್ಧ ಅಗೆದ ದೊಡ್ಡ ಗುಂಡಿ, ಪಕ್ಕದಲ್ಲಿ ಇಟ್ಟಿಗೆ, ಮರಳು.

"ಬರ್ರಿ ಅಕ್ಕಾರ. ಒಂದ ಮಾತ ಕೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳು ನಾಕ ತಿಂಗಳ ಹಿಂದ ಬಂದು, ಅಪ್ಪಾ, ನಮ್ಮ ನೀರಾಗ ಹುಳದ ಒಳಗಿನ ಎಳೀನ ಹರೀತೈತಿ ಅಂದ್ಲು. ನಾ ಬೈದ್ನಿ. ನಿನ್ನ ಓದಿಗೆ ಅನ್ನ ಹಾಕಿದ್ದ ಈ ನೀರು ಅಂದ್ನಿ. ಎರಡ ತಿಂಗಳ ಮಾತ ಬಿಟ್ಟಿದ್ವಿ. ಕಡೀಕ ನಾನ ಸೋತು, ಬಣ್ಣದ ನೀರ ನಿಲ್ಲಿಸಿ ತಿಳಿ ಮಾಡಿ ಬಿಡೂಣು ಅಂತ ಈ ಕುಂಡ ಹಿಡದೇನಿ. ಓಣ್ಯಾಗಿನ ಇನ್ನ ನಾಕ ಮನೀಯವ್ರೂ ಕಟ್ಟತೇವಿ ಅಂದಾರ. ನಿನ್ನೆ ಬಂದು ಅಳಾಕತ್ತಾಳ್ರಿ. ನಾಲಾದ ನೀರೂ ಬಾವೀ ನೀರೂ ಒಂದ ಬಂತಂತ."

ಅವರು ಗುಂಡಿಯ ಕಡೆ ತಿರುಗಿ ನೋಡಿದರು.

"ಹಂಗಾದ್ರ ಕುಂಡ ಕಟ್ಟೂದ ಬಿಡ್ಲೇನ್ರಿ?"

ಆ ಕೆನ್ನೀಲಿ ನಾಲೆಯ ದಂಡೆಯಲ್ಲಿ ನಿಂತು, ಮೂಗಿಗೆ ಸೆರಗು ಹಿಡಿದುಕೊಂಡು, ಇದೂ ನಮ್ಮ ಮನೆಯ ಬಾವಿಯೂ ಒಂದೇ ಎಂದು ಹೇಳುವ ಧೈರ್ಯ ಯಾವ ವರದಿಯಿಂದಲೂ ಬರಲಿಲ್ಲ. "ಇನ್ನ ನೋಡಾಕತ್ತೇವ್ರಿ. ಈಗ ನಿಲ್ಲಿಸಬ್ಯಾಡ್ರಿ" ಎಂದೆ. ಬಸ್ಸು ಜಮಖಂಡಿ ಸೇರುವವರೆಗೂ ಆ ಮನುಷ್ಯನ ಮೇಲೂ ಅಸೂಯೆಯಾಗುತ್ತಿತ್ತು. ಮಗಳ ಮಾತಿಗೆ ಹಿತ್ತಲು ಅಗೆದವನು. ನನ್ನ ಮಾತಿಗೆ ಯಾರು ಏನು ಅಗೆದಿದ್ದಾರೆ?

ಸಂಜೆ ಮನೆ ಸೇರಿದಾಗ ಅತ್ತೆ ಹಿತ್ತಲಲ್ಲಿ ಕೊಡ ತಿಕ್ಕುತ್ತಿದ್ದರು. ಬಾಯಾರಿತ್ತು. ಆಗತಾನೇ ತುಂಬಿಟ್ಟಿದ್ದ ಚಿಕ್ಕ ತಾಮ್ರದ ತಂಬಿಗೆಗೆ ಕೈ ಹಾಕಿದೆ.

"ಅದನ್ನ ಕುಡೀಬ್ಯಾಡ," ಎಂದರು ಅತ್ತೆ. "ಹುಣಸಿಹಣ್ಣ ಹಚ್ಚಿ ತಿಕ್ಕಿದ ಮ್ಯಾಲ ಮೊದಲ್ನೇ ನೀರ ಚೆಲ್ಲಬೇಕ. ಬಾಯಿ ಕಿಲುಬ ಕಿಲುಬ ಆಗತೈತಿ."

"ಕೊಡದ್ದೂ ಚೆಲ್ಲತೀರೇನ್ರಿ?"

"ಅಷ್ಟ ದೊಡ್ಡ ಕೊಡದ ನೀರ ಯಾರ ಚೆಲ್ಲತಾರ? ಸೇದಿ ಸೇದಿ ನನ್ನ ರಟ್ಟಿ ಬಿದ್ದ ಹೋಗ್ಯಾವ. ಅದರಾಗ ತಿಳೀದಂಗ ಹೋಗತೈತಿ."

ತಂಬಿಗೆಯ ನೀರನ್ನು ನಾಲಿಗೆಯ ತುದಿಗೆ ಮುಟ್ಟಿಸಿದೆ. ಕಿಲುಬು. ಕೆರೆಯ ಪಾಚಿ ಕೊಲ್ಲಲು ತಾಮ್ರದ ಉಪ್ಪಾದ ಮೈಲುತುತ್ತ ಹಾಕುತ್ತಾರೆ, ತಾಮ್ರ ನಮಗೆ ಏನೂ ಮಾಡದ ಪ್ರಮಾಣದಲ್ಲಿ ನೀರಿನ ಸಣ್ಣ ಜೀವಗಳಿಗೆ ವಿಷ ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದು ಪಾಠ ಹೇಳುವವಳು ನಾನು. ಪರೀಕ್ಷೆಗೆ ಕಳಿಸಿದ್ದು ಬಾವಿಯ ನೀರು. ಹುಳಕ್ಕೆ ಹಾಕಿದ್ದು ಕೊಡದ ನೀರು. ನಡುವೆ ಒಂದು ರಾತ್ರಿಯ ತಾಮ್ರ, ಅದೂ ಹುಳಿಯಿಂದ ಮೈ ಬಿಟ್ಟ ಹಸಿ ತಾಮ್ರ. ಈ ತಪ್ಪನ್ನು ಅವಳು ಮಾಡುವ ಹಾಗೇ ಇರಲಿಲ್ಲ. ಅವಳ ಹತ್ತಿರ ಇದ್ದದ್ದು ಪ್ಲಾಸ್ಟಿಕ್ ಕ್ಯಾನು.

ಆದರೂ ಯಾರಿಗೂ ಹೇಳಲಿಲ್ಲ. ಖಚಿತವಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಗೈಡ್‌ಗೆ ಫೋನ್ ಮಾಡಿ, ಹುಡುಗಿಯ ಕಂಟ್ರೋಲ್ ಇನ್ನೊಮ್ಮೆ ನೋಡುತ್ತೇನೆ, ತಿಂಗಳು ತಡೆಯಿರಿ ಎಂದಷ್ಟೇ ಅಂದೆ. ಪ್ರಯೋಗಾಲಯದ ಒಳಕೋಣೆಯಲ್ಲಿ ಎರಡು ಟಬ್ಬು ಇಟ್ಟೆ. ಒಂದಕ್ಕೆ ಬಾವಿಗೆ ನೇರವಾಗಿ ಪ್ಲಾಸ್ಟಿಕ್ ಬಕೆಟ್ ಇಳಿಸಿ ಸೇದಿದ ನೀರು, ಇನ್ನೊಂದಕ್ಕೆ ಕೊಡದ್ದು. ಒಂದೇ ಗೊಂಚಲಿನ ಮರಿಗಳನ್ನು ಎಣಿಸಿ ಅರ್ಧರ್ಧ ಹಂಚಿದೆ. ಬಾಗಿಲಿಗೆ ಬೀಗ.

ಹದಿನೈದನೇ ದಿನಕ್ಕೆ ಸೂಕ್ಷ್ಮದರ್ಶಕ ಬೇಕಾಗಿರಲಿಲ್ಲ. ಬಕೆಟ್ ನೀರಿನ ಹುಳಗಳ ಗೂಡು ಸೂಜಿಯಿಂದ ಎಬ್ಬಿಸಿದರೂ ಬಿಚ್ಚಲಿಲ್ಲ. ಕೊಡದ ನೀರಿನ ಗೂಡುಗಳು ಟಬ್ಬು ಅಲುಗಿದರೆ ಕದಡಿಹೋಗುತ್ತಿದ್ದವು. ಹುಳಗಳು ಬೆಳವಣಿಗೆಯ ನಾಲ್ಕನೇ ಹಂತಕ್ಕೆ ಬಂದಾಗ ಒಬ್ಬಳೇ ಕೂತು ಸ್ಲೈಡು ಮಾಡಿದೆ. ಆವತ್ತು ನನ್ನ ಕೈಗೆ ಏನಾಗಿತ್ತೋ, ಒಂದೂ ಜಾರಲಿಲ್ಲ. ಬಕೆಟ್ ನೀರಿನಲ್ಲಿ ಉಂಗುರ ತುಂಬಿಕೊಂಡು ಉಬ್ಬಿತ್ತು. ಕೊಡದ ನೀರಿನ ಮೂರನೇ ಹುಳದಿಂದ ಬಂದ ಸ್ಲೈಡಂತೂ ನನ್ನ ಜೀವಮಾನದಲ್ಲೇ ಚೆಂದದ್ದು. ನಾಲ್ಕೂ ವರ್ಣತಂತುಗಳು ಬಿಡಿಬಿಡಿ, ಒಂದೊಂದು ಪಟ್ಟಿಯೂ ಸ್ಪಷ್ಟ, ಒಂದು ಗುಳ್ಳೆ ಇಲ್ಲ, ಒಂದು ಮಡಿಕೆ ಇಲ್ಲ. ನಾಲ್ಕನೆಯದರ ಮೇಲೆ ಉಂಗುರ ಮಾತ್ರ ಒಣಗಿದ ನೆಲ್ಲಿಕಾಯಿಯ ಹಾಗೆ ಕುಗ್ಗಿತ್ತು.

ಬಹಳ ಹೊತ್ತು ಕಣ್ಣು ತೆಗೆಯದೆ ನೋಡಿದೆ. ಈಗ ವಿಷಯ ಗೊತ್ತಿದ್ದವಳು ಭೂಮಿಯ ಮೇಲೆ ನಾನೊಬ್ಬಳೇ. ಸುಮ್ಮನಿದ್ದರೆ ಅವಳ ಪ್ರಬಂಧ ನಿಲ್ಲುತ್ತದೆ. ನಾನು ನಾಳೆಯಿಂದ ಸದ್ದಿಲ್ಲದೆ ಬಕೆಟ್ ನೀರು ತಂದು, ಮುಂದಿನ ವರ್ಷ ಅಂದದ ವ್ಯತ್ಯಾಸ ತೋರಿಸಿ, ಮೊದಲು ಕಂಡುಹಿಡಿದವಳು ನಾನೇ ಆಗಬಹುದು. ಹೇಳಿದರೆ ನನ್ನ ಈವರೆಗಿನ ಕಂಟ್ರೋಲ್ ಸ್ಲೈಡುಗಳೆಲ್ಲ ಕಸದ ಬುಟ್ಟಿಗೆ. ಅದಕ್ಕಿಂತ ಹೆಚ್ಚಾಗಿ, ಗೈಡ್ ಎದುರು ಹುಡುಗಿಯ ಬಗ್ಗೆ ನಾನಾಡಿದ ಮಾತನ್ನು ನಾನೇ ನುಂಗಬೇಕು. ಈ ಲೆಕ್ಕಾಚಾರ ನನ್ನ ತಲೆಯಲ್ಲಿ ನಡೆಯಿತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆದರೆ ನಡೆಯಿತು. ಎರಡು ದಿನ ನಡೆಯಿತು.

ಮೂರನೆಯ ದಿನ ಬನಹಟ್ಟಿಯ ಬಸ್ಸು ಹತ್ತಿದೆ. ಒಳ್ಳೆಯತನ ಉಕ್ಕಿ ಬಂದು ಅಲ್ಲ. ಆ ಗುಂಡಿ ಕಣ್ಣಿಗೆ ಕಟ್ಟಿತ್ತು. ನನ್ನ ಹೊಟ್ಟೆಕಿಚ್ಚಿಗೆ ಒಬ್ಬ ಹುಡುಗಿ ಸೋಲಬಹುದು, ಆದರೆ ಒಂದು ಓಣಿಯ ನಾಲೆ ಹಾಗೇ ಹರಿಯಬೇಕೆಂದರೆ ಅದು ನನಗೂ ಹೆಚ್ಚಾಯಿತು.

ಅವಳು ಪಡಸಾಲೆಯಲ್ಲಿ ಮಗ್ಗಕ್ಕೆ ಕೂತಿದ್ದಳು. ನನ್ನನ್ನು ಕಂಡು ಎದ್ದಳು. ನಾನು ನಿಂತಲ್ಲೇ ಎಲ್ಲ ಹೇಳಿದೆ, ಕೊಡ, ಹುಣಸೆಹಣ್ಣು, ಎರಡು ಟಬ್ಬು. "ನಿನ್ನ ಮೊದಲ್ನೇ ಕಂಟ್ರೋಲ್ ಖರೆ ಇತ್ತವಾ. ಕೆಟ್ಟದ್ದು ನಂದು. ನೀ ಹೇಳಿದ್ದಿ ಗೂಡ ಸಡ್ಲ ಐತಂತ. ನಾನ ಬಾಯಿ ಮುಚ್ಚಿಸಿದ್ನಿ."

ಅಳುತ್ತಾಳೆ, ಇಲ್ಲವೇ ಜಗಳಕ್ಕೆ ಬರುತ್ತಾಳೆ ಎಂದು ಕಾದೆ. ಎರಡಕ್ಕೂ ತಯಾರಾಗಿ ಬಂದಿದ್ದೆ. ಅವಳು ಮಗ್ಗದ ಲಾಳಿಯನ್ನು ಕೈಯಲ್ಲೇ ಹಿಡಿದಿದ್ದಳು.

"ನೀವು ಅವತ್ತ ಸರ್ ಮುಂದ ಹಂಗ ಅನಬಾರದಿತ್ರಿ ಮೇಡಮ್," ಎಂದಳು. "ಅದು ಮನಸಿಗೆ ಭಾಳ ಹತ್ತೈತ್ರಿ."

"ಹೌದು," ಎಂದೆ.

ಆಮೇಲೆ ಅವಳ ಕಣ್ಣು ಬೇರೆ ಕಡೆ ಹೋಯಿತು. ಆ ನೋಟ ನನಗೆ ಗೊತ್ತು, ಸ್ಲೈಡಿನಲ್ಲಿ ಏನಾದರೂ ಕಂಡಾಗ ಹಾಗೆ ನೋಡುತ್ತಾಳೆ. "ಮೇಡಮ್ರಿ, ನಾಲಾದ ಹುಳದಾಗೂ ಉಂಗುರ ಕುಗ್ಗತೈತಿ, ಕೊಡದ ಹುಳದಾಗೂ ಕುಗ್ಗತೈತಿ. ಆದ್ರ ನಾಲಾದ್ರಾಗ ವರ್ಣತಂತು ಮುರದಿರತೈತಿ. ಕೊಡದ್ರಾಗ ಮುರದಿತ್ತೇನ್ರಿ?"

ಮುರಿದಿರಲಿಲ್ಲ. ಎರಡು ದಿನ ನೋಡಿದ್ದೆ, ಈ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ.

"ಹಂಗಂದ್ರ ತಾಮ್ರ ಉಂಗುರ ಅಷ್ಟ ಕುಗ್ಗಸತೈತಿ. ಮುರಿಯೂದು ಬಣ್ಣದಾಗಿನ ಬ್ಯಾರೆ ಏನೋ. ಎರಡೂ ಬಿಡಿಸಿ ತೋರಸಬೌದಲ್ರಿ!" ಲಾಳಿ ಕೆಳಗಿಟ್ಟಳು. "ಆ ಸ್ಲೈಡ್ ನನಗ ಕೊಡತೀರೇನ್ರಿ?"

ಕ್ಷಮೆ ಕೇಳಲು ಹೋದ ಮನೆಯಲ್ಲೇ, ಪಡಸಾಲೆಯಲ್ಲಿ ನಿಂತುಕೊಂಡೇ, ನನ್ನ ಹೊಟ್ಟೆ ಮತ್ತೆ ಉರಿಯಿತು. ನನ್ನ ತಪ್ಪನ್ನೂ ನನಗಿಂತ ಚೆನ್ನಾಗಿ ಬಳಸಿಕೊಳ್ಳುವವಳು ಅವಳೇ. ಕೊಟ್ಟೆ. ಮರುದಿನ ಗೈಡ್‌ಗೆ ಪತ್ರ ಬರೆದು, ನಾನಾಡಿದ ಮಾತನ್ನೂ ಸೇರಿಸಿ, ಎಲ್ಲ ಒಪ್ಪಿಕೊಂಡೆ. ಅವಳ ಚಿಮ್ಮಡದ ಕಂಟ್ರೋಲ್ ಮತ್ತೆ ಕಡತಕ್ಕೆ ಬಂತು. ಪ್ರಬಂಧ ಅವಧಿಯೊಳಗೇ ಮುಗಿಯಿತು. ನಾನು ಹೊಸ ಮೊಟ್ಟೆ ತಂದು, ಬಕೆಟ್ ನೀರಿನಿಂದ, ಮೊದಲಿನಿಂದ ಶುರು ಮಾಡಿದೆ.

ಅತ್ತೆಗೆ ಹೇಳಿದಾಗ ಅವರು ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಮೂರನೆಯ ದಿನ, "ನಾವ ಕುಡದ್ರ ಏನೂ ಆಗಿಲ್ಲ. ಹುಳಕ್ಕ ಸೇರಲಿಲ್ಲಂದ್ರ ಅದು ಹುಳದ ತಪ್ಪು" ಎಂದು ತೀರ್ಪು ಕೊಟ್ಟು ಕೊಡ ತಿಕ್ಕಲು ಹೋದರು.

ಅವಳ ಮೌಖಿಕ ಪರೀಕ್ಷೆಯ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಗೋಡೆಯ ಮೇಲೆ ಮೂಡುತ್ತಿದ್ದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಬನಹಟ್ಟಿಯ ಮುರಿದ ವರ್ಣತಂತು ಬಂತು, ತಲೆಯಾಡಿಸಿದರು. ಅದರ ಪಕ್ಕದಲ್ಲಿ ಹೋಲಿಕೆಗೆಂದು ಇಟ್ಟ ಚಿತ್ರ ಬಂತು. ನಾಲ್ಕೂ ಬಿಡಿಬಿಡಿ, ಒಂದು ಮಡಿಕೆ ಇಲ್ಲ. ಕೆಳಗೆ ಬರೆದಿತ್ತು: ತಾಮ್ರದಿಂದ ಕಲುಷಿತ ನೀರು.

ಪರೀಕ್ಷಕರು ಕನ್ನಡಕ ಸರಿ ಮಾಡಿಕೊಂಡು ಮುಂದೆ ಬಾಗಿದರು. "ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಇಷ್ಟು ಚೆಂದ ಹರಡಿದ ಸ್ಲೈಡು ನೋಡಿದ್ದು ಕಡಿಮೆ. ಎಂಥ ಕೈ ನಿಮ್ಮದು!"

"ನಂದಲ್ರಿ ಸರ್," ಎಂದಳು ಅವಳು. "ಹಿಂದ ಕೂತಾರಲ್ರಿ, ನಮ್ಮ ಮೇಡಮ್ಮಾರದು. ನನಗ ಸೂಜಿ ಹಿಡಿಯೂದ ಕಲಿಸಿದವ್ರೂ ಅವರ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಗೈಡ್ ಕೂಡ. ಎಂಥ ಕೈ ಎಂಬ ಆ ಮಾತಿಗೇ ಎರಡು ವರ್ಷ ನಾನು ಕಾದಿದ್ದೆ. ನನ್ನ ತಪ್ಪಿನ ಮೇಲೆ ಬಂತು, ಅವಳ ಪ್ರಬಂಧದ ಪುಟದಲ್ಲಿ ಬಂತು, ಅವಳ ಬಾಯಿಂದಲೇ ನನ್ನ ಹೆಸರಿಗೆ ಬಂತು. ಎದ್ದು ನಿಂತು ಕೈ ಮುಗಿದೆ. ಕೂತ ಮೇಲೂ ನನ್ನ ಕಣ್ಣು ಅವಳ ಬೆರಳುಗಳ ಮೇಲೇ ಇತ್ತು.